ಎಷ್ಟು ಬಿಸಿಯಲ್ಲಿ, ಎಷ್ಟು ಒತ್ತಡದಲ್ಲಿ?

(ಒಬ್ಬಳು ಹೈಸ್ಕೂಲಿನ ವಿಜ್ಞಾನ ಶಿಕ್ಷಕಿ. ಇನ್ನೊಬ್ಬರು ಅವಳಿಗೆ ಹಿಂದೆ ರಸಾಯನಶಾಸ್ತ್ರ ಕಲಿಸಿ ಈಗ ನಿವೃತ್ತರಾಗಿರುವ ಮೇಷ್ಟ್ರು.)

ಶಿಷ್ಯೆ: ಈ ವಾರ ಒಂಬತ್ತನೇ ಕ್ಲಾಸಿಗೆ ದ್ರವ್ಯದ ಸ್ಥಿತಿಗಳ ಪಾಠ ಶುರು ಮಾಡಬೇಕು ಮೇಷ್ಟ್ರೇ. ಹಲಗೆಯ ಮೇಲೆ ಘನ, ದ್ರವ, ಅನಿಲ ಅಂತ ಮೂರು ಮನೆ ಗೀಚುತ್ತೇನೆ. ಕಲ್ಲು, ಕಬ್ಬಿಣ, ಸಕ್ಕರೆ ಮೊದಲನೆಯದಕ್ಕೆ. ನೀರು, ಹಾಲು, ಎಣ್ಣೆ ಎರಡನೆಯದಕ್ಕೆ. ಗಾಳಿ, ಆಮ್ಲಜನಕ, ಅಡುಗೆ ಗ್ಯಾಸು ಮೂರನೆಯದಕ್ಕೆ. ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲೂ ಹಾಗೇ ಬರೆಯುತ್ತಾರೆ. ಆದರೂ ಹೇಳಬೇಕಾದದ್ದನ್ನೇ ಬಿಟ್ಟೆ ಅನ್ನಿಸುತ್ತದೆ.

ಮೇಷ್ಟ್ರು: ಕೊನೆಗೆ ಬರೆದ ಹೆಸರನ್ನೇ ಮೊದಲು ನೋಡೋಣ. ಅಡುಗೆ ಗ್ಯಾಸನ್ನು ಅನಿಲದ ಮನೆಗೆ ಹಾಕಿದೆಯಲ್ಲ, ತುಂಬಿದ ಸಿಲಿಂಡರನ್ನು ಕೊಂಚ ಓಲಾಡಿಸಿದರೆ ಏನಾಗುತ್ತದೆ?

ಶಿಷ್ಯೆ: ಒಳಗೆ ಏನೋ ತುಳುಕುತ್ತದೆ.

ಮೇಷ್ಟ್ರು: ಅನಿಲ ತುಳುಕುವುದಿಲ್ಲ. ಅದರೊಳಗಿರುವ 14.2 ಕಿಲೊ ಹೆಚ್ಚುಕಡಿಮೆ ಪೂರ್ತಿ ದ್ರವ. ಮೇಲಿನ ಸ್ವಲ್ಪ ಜಾಗದಲ್ಲಿ ಮಾತ್ರ ಆವಿ. ಮುಖ್ಯವಾಗಿ ಪ್ರೊಪೇನ್, ಬ್ಯುಟೇನ್ ಸೇರಿದ ಮಿಶ್ರಣ ಅದು. ಬಯಲಿನಲ್ಲಿ ಪ್ರೊಪೇನ್ ಮೈನಸ್ 42 ಡಿಗ್ರಿಯಲ್ಲೇ ಕುದಿಯುತ್ತದೆ, ಬ್ಯುಟೇನ್ ಸೊನ್ನೆಯ ಆಸುಪಾಸಿನಲ್ಲಿ. ನಮ್ಮೂರಿನ ಹವೆಯಲ್ಲಿ ಎರಡೂ ಅನಿಲವಾಗಿಯೇ ಇರಬೇಕಾದವು. ವಾಯುಮಂಡಲದ ಒತ್ತಡಕ್ಕಿಂತ ಕೆಲವು ಪಟ್ಟು ಹೆಚ್ಚು ಒತ್ತಿ ಹಿಡಿದಿರುವುದರಿಂದ ದ್ರವವಾಗಿವೆ. ಅಷ್ಟನ್ನೂ ಹೊರಗೆ ಬಿಟ್ಟರೆ ಸುಮಾರು ಆರು ಘನ ಮೀಟರ್ ಜಾಗ ಹಿಡಿಯುತ್ತದೆ, ಒಂದು ಸಣ್ಣ ಬಚ್ಚಲುಮನೆಯಷ್ಟು.

ಶಿಷ್ಯೆ: ಅದಕ್ಕೇ ಅಮ್ಮ ಗ್ಯಾಸು ಎಷ್ಟು ಉಳಿದಿದೆ ಅಂತ ನೋಡಲು ಸಿಲಿಂಡರಿಗೆ ಒದ್ದೆ ಬಟ್ಟೆ ಒರೆಸುತ್ತಾಳೆ. ಕೆಳಗಿನ ಭಾಗ ತಡವಾಗಿ ಒಣಗುತ್ತದೆ.

ಮೇಷ್ಟ್ರು: ದ್ರವ ಇರುವ ಕಡೆ ಲೋಹ ಬೇಗ ಬೆಚ್ಚಗಾಗುವುದಿಲ್ಲ, ನೀರು ಬೇಗ ಆರುವುದಿಲ್ಲ. ನಿಮ್ಮಮ್ಮ ಮಾಡುವುದು ಒಳ್ಳೆಯ ಪ್ರಯೋಗ. ಇನ್ನೊಂದನ್ನು ಮದುವೆ ಛತ್ರದ ಅಡುಗೆಮನೆಯಲ್ಲಿ ನೋಡಬಹುದು. ದೊಡ್ಡ ಒಲೆಗಳನ್ನು ಗಂಟೆಗಟ್ಟಲೆ ಉರಿಸಿದರೆ ಸಿಲಿಂಡರಿನ ಮೈ ಬೆವರುತ್ತದೆ, ಕೆಲವು ಸಲ ಹೊರಗೆ ಬಿಳಿ ಮಂಜುಗಡ್ಡೆಯೇ ಕಟ್ಟುತ್ತದೆ. ಉರಿ ಸಣ್ಣಗಾಗುತ್ತದೆ. ಅಡುಗೆಯವರು ಸಿಲಿಂಡರನ್ನು ನೀರಿನ ತೊಟ್ಟಿಯಲ್ಲಿ ನಿಲ್ಲಿಸುತ್ತಾರೆ. ಯಾಕೆ ಹೇಳು?

ಶಿಷ್ಯೆ: ದ್ರವ ಆವಿಯಾಗಲು ಶಾಖ ಬೇಕು. ಅದನ್ನು ಸಿಲಿಂಡರಿನಿಂದಲೇ ಎಳೆದುಕೊಳ್ಳುತ್ತದೆ. ಗುಪ್ತೋಷ್ಣ.

ಮೇಷ್ಟ್ರು: ಸರಿ. ಜೋಸೆಫ್ ಬ್ಲ್ಯಾಕ್ 1760ರ ದಶಕದ ಆರಂಭದಲ್ಲಿ ಗ್ಲಾಸ್ಗೋದಲ್ಲಿ ಗುರುತಿಸಿದ್ದು ಇದನ್ನೇ. ಒಲೆ ಉರಿಯುತ್ತಲೇ ಇರುತ್ತದೆ, ಕುದಿಯುವ ನೀರಿನ ಥರ್ಮಾಮೀಟರು ಮಾತ್ರ ಮೇಲೇರುವುದಿಲ್ಲ. ಶಾಖ ಎಲ್ಲಿ ಹೋಯಿತು? ಒಂದು ಅಣುವಿನ ಹಿಡಿತದಿಂದ ಇನ್ನೊಂದನ್ನು ಬಿಡಿಸುವುದಕ್ಕೆ ಹೋಯಿತು. ಒಂದು ಕಿಲೊ ನೀರನ್ನು ಸೊನ್ನೆಯಿಂದ ನೂರು ಡಿಗ್ರಿಗೆ ಏರಿಸಲು ಸುಮಾರು 420 ಕಿಲೊಜೂಲ್ ಸಾಕು. ಅದೇ ನೂರು ಡಿಗ್ರಿಯ ನೀರನ್ನು ನೂರು ಡಿಗ್ರಿಯ ಹಬೆ ಮಾಡಲು 2,257 ಕಿಲೊಜೂಲ್ ಬೇಕು, ಐದು ಪಟ್ಟಿಗಿಂತ ಹೆಚ್ಚು. ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವಾಗ ಕೈಗೆ ತಗಲುವ ಹಬೆ ಬಿಸಿನೀರಿಗಿಂತ ಜೋರಾಗಿ ಸುಡುವುದು ಇದಕ್ಕೇ. ಚರ್ಮದ ಮೇಲೆ ನೀರಾಗುವಾಗ ಅಷ್ಟೂ ಶಾಖವನ್ನು ಅಲ್ಲೇ ಕೊಡುತ್ತದೆ.

ಶಿಷ್ಯೆ: ಅಂದರೆ ಅಡುಗೆ ಗ್ಯಾಸನ್ನು ದ್ರವದ ಮನೆಗೆ ಬರೆಯಲೇ?

ಮೇಷ್ಟ್ರು: ಒಲೆಯ ಬರ್ನರಿನಲ್ಲಿ ಅದು ಅನಿಲ, ಸಿಲಿಂಡರಿನಲ್ಲಿ ದ್ರವ. ಸ್ಥಿತಿ ಅನ್ನುವುದು ಆ ಪದಾರ್ಥದ ಸ್ವಂತ ಗುಣವಲ್ಲ. ಪದಾರ್ಥ, ತಾಪ, ಒತ್ತಡ, ಈ ಮೂರೂ ಸೇರಿದಾಗ ಬರುವ ಉತ್ತರ ಅದು. ನಿನ್ನ ಪಟ್ಟಿಯಲ್ಲಿ ಹೆಸರಿದೆ, ಉತ್ತರವಿದೆ, ನಡುವಿನ ಎರಡು ಸಂಗತಿಗಳೇ ಇಲ್ಲ. ನೀನು ಬಿಟ್ಟೆ ಅನ್ನಿಸಿದ್ದು ಅವೇ.

ಶಿಷ್ಯೆ: ಹಾಗಿದ್ದರೆ ಒತ್ತಿದರೆ ಯಾವ ಅನಿಲವಾದರೂ ದ್ರವವಾಗಬೇಕಲ್ಲ? ಸಿಎನ್‌ಜಿ ಆಟೊದವರೂ ಗ್ಯಾಸನ್ನು ಒತ್ತಿಯೇ ತುಂಬಿಸಿಕೊಳ್ಳುತ್ತಾರೆ.

ಮೇಷ್ಟ್ರು: ಒಳ್ಳೆಯ ಪ್ರಶ್ನೆ. ಅವರ ಸಿಲಿಂಡರಿನಲ್ಲಿ ಒತ್ತಡ ವಾಯುಮಂಡಲದ ಇನ್ನೂರು ಪಟ್ಟು ಇರುತ್ತದೆ. ಅಡುಗೆ ಸಿಲಿಂಡರಿನದು ಅದರ ಮುಂದೆ ಏನೂ ಅಲ್ಲ. ಆದರೂ ಅದರೊಳಗೆ ಒಂದು ಹನಿ ದ್ರವವಿಲ್ಲ. ಅದರಲ್ಲಿ ಮುಖ್ಯವಾಗಿ ಇರುವ ಮೀಥೇನನ್ನು ಮಾಮೂಲು ಹವೆಯಲ್ಲಿ ಎಷ್ಟು ಒತ್ತಿದರೂ ದ್ರವವಾಗುವುದಿಲ್ಲ. ಹತ್ತೊಂಬತ್ತನೇ ಶತಮಾನದ ವಿಜ್ಞಾನಿಗಳನ್ನು ಬಹಳ ಕಾಲ ಕಾಡಿದ್ದು ಇದೇ. ಮೈಕೆಲ್ ಫ್ಯಾರಡೆ 1823ರಲ್ಲಿ ಮುಚ್ಚಿದ ಗಾಜಿನ ಕೊಳವೆಯಲ್ಲಿ ಕ್ಲೋರಿನನ್ನು ದ್ರವ ಮಾಡಿದ. ಆಮೇಲೆ ಇನ್ನೂ ಹಲವು ಅನಿಲಗಳು ಬಗ್ಗಿದವು. ಆಮ್ಲಜನಕ, ಸಾರಜನಕ, ಜಲಜನಕ ಮಾತ್ರ ಬಗ್ಗಲಿಲ್ಲ. ವಿಯೆನ್ನಾದ ನಾಟರರ್ ವಾಯುಮಂಡಲದ ಎರಡೂವರೆ ಸಾವಿರ ಪಟ್ಟಿಗಿಂತಲೂ ಹೆಚ್ಚು ಒತ್ತಡ ಹಾಕಿ ನೋಡಿದ. ಏನೂ ಆಗಲಿಲ್ಲ. ಅವಕ್ಕೆ ಶಾಶ್ವತ ಅನಿಲಗಳು ಅಂತ ಹೆಸರಿಟ್ಟು ಕೈಬಿಟ್ಟರು.

ಶಿಷ್ಯೆ: ಗಂಟು ಬಿಡಿಸಿದ್ದು ಯಾರು?

ಮೇಷ್ಟ್ರು: ಬೆಲ್‌ಫಾಸ್ಟಿನ ಥಾಮಸ್ ಆಂಡ್ರೂಸ್. ಅವನು ತೆಗೆದುಕೊಂಡದ್ದು ಇಂಗಾಲದ ಡೈಆಕ್ಸೈಡನ್ನು. ಬೇರೆ ಬೇರೆ ತಾಪದಲ್ಲಿ ಅದನ್ನು ನಿಧಾನವಾಗಿ ಒತ್ತುತ್ತ, ಗಾತ್ರ ಅಳೆಯುತ್ತ ಹೋದ. 31 ಡಿಗ್ರಿಗಿಂತ ಕೆಳಗಿದ್ದರೆ ಒತ್ತಿದಾಗ ಕೊಳವೆಯಲ್ಲಿ ದ್ರವ ಕಾಣಿಸಿಕೊಳ್ಳುತ್ತದೆ, ದ್ರವಕ್ಕೂ ಅನಿಲಕ್ಕೂ ನಡುವೆ ಸ್ಪಷ್ಟ ಗೆರೆ ಇರುತ್ತದೆ. 31 ದಾಟಿತೋ, ಆ ಗೆರೆ ಮೂಡುವುದೇ ಇಲ್ಲ. ಎಷ್ಟು ಒತ್ತಿದರೂ ಒಂದೇ ಪದಾರ್ಥ ದಟ್ಟವಾಗುತ್ತ ಹೋಗುತ್ತದೆ, ಅಷ್ಟೆ. 1869ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಇದನ್ನು ವಿವರಿಸಿದ. ಆ ತಾಪಕ್ಕೆ ಕ್ರಿಟಿಕಲ್ ತಾಪ ಎಂಬ ಹೆಸರೂ ಬಂತು. ಪ್ರೊಪೇನಿನದು ಸುಮಾರು 97 ಡಿಗ್ರಿ, ಅದಕ್ಕೇ ಅಡುಗೆಮನೆಯಲ್ಲಿ ಸಲೀಸಾಗಿ ದ್ರವವಾಗಿರುತ್ತದೆ. ಮೀಥೇನಿನದು ಮೈನಸ್ 82. ಆಮ್ಲಜನಕದ್ದು ಮೈನಸ್ 118. ನಾಟರರ್ ಒತ್ತುವುದರಲ್ಲಿ ಕಡಿಮೆ ಮಾಡಿರಲಿಲ್ಲ. ತಣಿಸುವುದರಲ್ಲಿ ಅಷ್ಟು ಕೆಳಗೆ ಇಳಿದಿರಲಿಲ್ಲ.

ಶಿಷ್ಯೆ: 31 ಡಿಗ್ರಿ ಅಂದರೆ ನಮ್ಮ ಹವೆಯ ನಡುವೆಯೇ ಬೀಳುತ್ತದಲ್ಲ! ಹಾಗಾದರೆ ಕಚೇರಿಗಳಲ್ಲಿ ನೇತುಹಾಕಿರುವ, ಇಂಗಾಲದ ಡೈಆಕ್ಸೈಡ್ ತುಂಬಿದ ಬೆಂಕಿ ಆರಿಸುವ ಸಿಲಿಂಡರು…

ಮೇಷ್ಟ್ರು: ಹೇಳು, ಮುಂದುವರಿಸು.

ಶಿಷ್ಯೆ: ಬೆಂಗಳೂರಿನ ಚಳಿಗಾಲದಲ್ಲಿ ಅದರೊಳಗೆ ದ್ರವ ಇರುತ್ತದೆ. ಮೇ ತಿಂಗಳಲ್ಲಿ ಕಲಬುರಗಿಯಲ್ಲಿ 40 ಡಿಗ್ರಿ ಇದ್ದಾಗ ದ್ರವವೂ ಅಲ್ಲ, ಮಾಮೂಲು ಅನಿಲವೂ ಅಲ್ಲ.

ಮೇಷ್ಟ್ರು: ಒಂದೇ ಸಿಲಿಂಡರು, ಒಂದೇ ಪದಾರ್ಥ, ಒಂದೇ ರಾಜ್ಯ. ಕಲಬುರಗಿಯಲ್ಲಿ ಅದನ್ನು ಯಾವ ಮನೆಗೆ ಬರೆಯುತ್ತೀ? ಮೂರರಲ್ಲಿ ಯಾವುದೂ ಹೊಂದುವುದಿಲ್ಲ. ಅದೇ ಸಿಲಿಂಡರಿನ ಕವಾಟ ತೆರೆದರೆ ಬಾಯಿಂದ ಬಿಳಿ ಹಿಮ ಚಿಮ್ಮುತ್ತದೆ, ಮೈನಸ್ 78 ಡಿಗ್ರಿಯ ಒಣಹಿಮ. ಅದು ಕರಗಿ ದ್ರವವಾಗುವುದಿಲ್ಲ, ನೇರ ಅನಿಲವಾಗುತ್ತದೆ. ಒತ್ತಡ ವಾಯುಮಂಡಲದ ಐದು ಪಟ್ಟಿಗಿಂತ ಕಡಿಮೆ ಇದ್ದರೆ ಇಂಗಾಲದ ಡೈಆಕ್ಸೈಡಿಗೆ ದ್ರವ ಸ್ಥಿತಿಯೇ ಇಲ್ಲ.

ಶಿಷ್ಯೆ: ಕೊರೊನಾ ಕಾಲದಲ್ಲಿ ದೊಡ್ಡ ಟ್ಯಾಂಕರುಗಳಲ್ಲಿ ಆಮ್ಲಜನಕ ಬರುತ್ತಿತ್ತಲ್ಲ, ಅದು ದ್ರವವೇ ಇರಬೇಕು.

ಮೇಷ್ಟ್ರು: ಹೌದು. 2021ರಲ್ಲಿ ರೈಲಿನಲ್ಲಿ ಬಂದದ್ದು ಮೈನಸ್ 183 ಡಿಗ್ರಿಯ ಆಸುಪಾಸಿನ ದ್ರವ ಆಮ್ಲಜನಕ. ಬರೀ ಒತ್ತಡದಿಂದ ದ್ರವ ಮಾಡಲಾಗದು ಎಂಬ ಕಾರಣಕ್ಕೇ ಅಷ್ಟು ತಣ್ಣಗೆ ಇಡುವ ವಿಶೇಷ ಟ್ಯಾಂಕರುಗಳು ಬೇಕಾದವು. ಹಾಲಿನ ಟ್ಯಾಂಕರು, ಪೆಟ್ರೋಲಿನ ಟ್ಯಾಂಕರು ಅದಕ್ಕೆ ಒದಗುವುದಿಲ್ಲ. ಆ ದಿನಗಳಲ್ಲಿ ಆಮ್ಲಜನಕ ಇದ್ದೂ ಸಾಗಿಸುವುದು ಕಷ್ಟವಾದದ್ದರ ಹಿಂದೆ ಆಂಡ್ರೂಸ್ ಕಂಡುಕೊಂಡ ನಿಯಮವೇ ಇತ್ತು. ಇದನ್ನು ಮಕ್ಕಳಿಗೆ ತಪ್ಪದೆ ಹೇಳು. ಅವರ ಮನೆಗಳಲ್ಲೂ ಆ ವರ್ಷದ ನೆನಪಿದೆ.

ಶಿಷ್ಯೆ: ಆಮ್ಲಜನಕವನ್ನು ಮೊದಲು ದ್ರವ ಮಾಡಿದ್ದು ಯಾವಾಗ?

ಮೇಷ್ಟ್ರು: 1877ರ ಡಿಸೆಂಬರಿನಲ್ಲಿ, ಕೈಯೆಟೆ ಫ್ರಾನ್ಸಿನಲ್ಲಿ, ಪಿಕ್ಟೆ ಜಿನೀವಾದಲ್ಲಿ, ಕೆಲವೇ ದಿನಗಳ ಅಂತರದಲ್ಲಿ. ಜಲಜನಕವನ್ನು ಡ್ಯೂವರ್ 1898ರಲ್ಲಿ. ಕೊನೆಗೆ ಉಳಿದದ್ದು ಹೀಲಿಯಂ. ಸೂರ್ಯನ ಬೆಳಕಿನಲ್ಲಿ ಅದರ ಹಳದಿ ಗೆರೆ ಕಂಡ ಕಥೆ 1868ರ ಆಗಸ್ಟ್ 18ರಂದು ಗುಂಟೂರಿನಲ್ಲಿ ಖಗೋಳ ವಿಜ್ಞಾನಿ ಜಾನ್ಸೆನ್ ನೋಡಿದ ಗ್ರಹಣದಿಂದ ಶುರುವಾಗುತ್ತದೆ. ಅದನ್ನು ದ್ರವ ಮಾಡಿದ್ದು 1908ರಲ್ಲಿ ಲೈಡನ್ನಿನ ಕಾಮರ್ಲಿಂಗ್ ಓನ್ನೆಸ್, ಮೈನಸ್ 269 ಡಿಗ್ರಿಯಲ್ಲಿ. ಇನ್ನೂ ತಣಿಸಿದರೆ ಘನವಾಗಬೇಕಲ್ಲ? ಮಾಮೂಲು ಒತ್ತಡದಲ್ಲಿ ಹೀಲಿಯಂ ಯಾವತ್ತೂ ಘನವಾಗುವುದಿಲ್ಲ, ನಿರಪೇಕ್ಷ ಸೊನ್ನೆಯ ಹತ್ತಿರ ಹೋದರೂ ದ್ರವವೇ. ವಾಯುಮಂಡಲದ ಇಪ್ಪತ್ತೈದು ಪಟ್ಟು ಒತ್ತಿದರೆ ಮಾತ್ರ ಗಟ್ಟಿಯಾಗುತ್ತದೆ. ಅದು ಸಾಧ್ಯವಾದದ್ದು 1926ರಲ್ಲಿ.

ಶಿಷ್ಯೆ: ಪ್ಲಾಸ್ಮಾ, ಬೋಸ್–ಐನ್‌ಸ್ಟೈನ್ ಕಂಡೆನ್ಸೇಟ್ ಅಂತ ನಾಲ್ಕನೆಯ, ಐದನೆಯ ಸ್ಥಿತಿಗಳನ್ನೂ ಹೇಳಬೇಕಾ?

ಮೇಷ್ಟ್ರು: ಹೆಸರು ಹೇಳು. ಬೋಸರು 1924ರಲ್ಲಿ ಢಾಕಾದಲ್ಲಿ ಕುಳಿತು ಹಾಕಿದ ಲೆಕ್ಕದಿಂದ ಆ ಕಂಡೆನ್ಸೇಟಿನ ಕಲ್ಪನೆ ಹುಟ್ಟಿತು, ಪ್ರಯೋಗದಲ್ಲಿ ಕಂಡದ್ದು 1995ರಲ್ಲಿ ಅನ್ನುವುದನ್ನೂ ಹೇಳು. ಅಲ್ಲಿಗೆ ಬಿಡು. ನಾಲ್ಕು, ಐದು ಅಂತ ನಂಬರು ಕೊಡುವುದರಿಂದ ಮಕ್ಕಳಿಗೆ ಏನೂ ತಿಳಿಯುವುದಿಲ್ಲ. ನಮ್ಮ ಪಾಠಗಳಲ್ಲಿ ಇದಕ್ಕಿಂತ ದೊಡ್ಡ ತಪ್ಪೊಂದು ಇದೆ. ಘನ ನೇರ ಅನಿಲವಾಗುವ ಉತ್ಪತನಕ್ಕೆ ಯಾವ ಉದಾಹರಣೆ ಕೊಡುತ್ತೀ?

ಶಿಷ್ಯೆ: ಕರ್ಪೂರ, ನುಸಿಗುಳಿಗೆ, ಅಯೋಡಿನ್. ಪ್ರಯೋಗಕ್ಕೆ ನವಸಾಗರ. ಪಿಂಗಾಣಿ ಬಟ್ಟಲಲ್ಲಿ ಕಾಯಿಸಿ ಮೇಲೆ ಆಲಿಕೆ ಬೋರಲು ಹಾಕಿದರೆ ಬಿಳಿ ಪುಡಿ ಆಲಿಕೆಗೆ ಅಂಟುತ್ತದೆ.

ಮೇಷ್ಟ್ರು: ಕರ್ಪೂರ ಸರಿ, ನುಸಿಗುಳಿಗೆ ಸರಿ. ಅಯೋಡಿನ್ 114 ಡಿಗ್ರಿಗೆ ಚೆನ್ನಾಗಿಯೇ ಕರಗಿ ದ್ರವವಾಗುತ್ತದೆ. ಅದರ ಆವಿ ದಟ್ಟ ನೇರಳೆಯಾಗಿ ಮೊದಲೇ ಏಳುವುದರಿಂದ ದ್ರವ ಕಣ್ಣಿಗೆ ಬೀಳುವುದಿಲ್ಲ. ಅದನ್ನೂ ಕ್ಷಮಿಸಬಹುದು. ನವಸಾಗರ ಮಾತ್ರ ಉತ್ಪತನವೇ ಅಲ್ಲ. ಅದು ಅಮೋನಿಯಂ ಕ್ಲೋರೈಡ್. ಕಾಯಿಸಿದಾಗ ಅಮೋನಿಯಾ, ಹೈಡ್ರೊಜನ್ ಕ್ಲೋರೈಡ್ ಎಂಬ ಎರಡು ಬೇರೆ ಅನಿಲಗಳಾಗಿ ಒಡೆಯುತ್ತದೆ. ಮೇಲೆ ತಂಪಾದ ಗಾಜಿಗೆ ತಾಗಿದಾಗ ಎರಡೂ ಮತ್ತೆ ಕೂಡಿ ನವಸಾಗರವಾಗುತ್ತವೆ. ಹೊರಗೆ ನೋಡುವವರಿಗೆ ಬಿಳಿ ಪುಡಿ ಕೆಳಗಿಂದ ಮೇಲಕ್ಕೆ ಹೋದಂತೆ ಕಾಣುತ್ತದೆ. ನಡುವೆ ರಾಸಾಯನಿಕ ಬದಲಾವಣೆಯೇ ನಡೆದಿರುತ್ತದೆ. ಅದನ್ನು ಭೌತಿಕ ಬದಲಾವಣೆಗೆ ಉದಾಹರಣೆಯಾಗಿ ಎಷ್ಟೋ ಪುಸ್ತಕಗಳು ಕೊಡುತ್ತವೆ.

ಶಿಷ್ಯೆ: ಇದು ಹೇಗೆ ಗೊತ್ತಾಯಿತು?

ಮೇಷ್ಟ್ರು: ಆವಿಯ ಸಾಂದ್ರತೆ ಅಳೆದಾಗ. ಲೆಕ್ಕದ ಪ್ರಕಾರ ಇರಬೇಕಾದದ್ದರ ಅರ್ಧದಷ್ಟೇ ಬಂತು. ಒಂದೇ ತಾಪ, ಒಂದೇ ಒತ್ತಡದಲ್ಲಿ ಸಮಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆಯೂ ಸಮ ಅಂತ ಅವೊಗಾಡ್ರೊ ಹೇಳಿದ್ದೇ ತಪ್ಪೇನೋ ಅನ್ನುವಷ್ಟು ಗೊಂದಲವಾಯಿತು. ಒಂದು ಅಣು ಎರಡಾಗಿದ್ದರೆ ಸಾಂದ್ರತೆ ಅರ್ಧವಾಗಲೇಬೇಕು. 1862ರಲ್ಲಿ ಪೆಬಾಲ್ ಎಂಬ ವಿಜ್ಞಾನಿ ಆ ಆವಿಯನ್ನು ಸೂಕ್ಷ್ಮ ರಂಧ್ರಗಳ ತಡೆಯ ಮೂಲಕ ಹರಿಯಬಿಟ್ಟ. ಹಗುರವಾದ ಅಮೋನಿಯಾ ಬೇಗ ದಾಟಿತು, ಭಾರದ ಹೈಡ್ರೊಜನ್ ಕ್ಲೋರೈಡ್ ಹಿಂದೆ ಉಳಿಯಿತು. ಲಿಟ್ಮಸ್ ಒಂದು ಕಡೆ ನೀಲಿಯಾಯಿತು, ಇನ್ನೊಂದು ಕಡೆ ಕೆಂಪಾಯಿತು.

ಶಿಷ್ಯೆ: ಕಲಾಯಿ ಹಾಕುವವರು ಬಿಸಿ ಪಾತ್ರೆಗೆ ನವಸಾಗರ ಹಾಕಿ ಹತ್ತಿಯಲ್ಲಿ ಉಜ್ಜುತ್ತಿದ್ದರು. ಬಿಳಿ ಹೊಗೆ ಬರುತ್ತಿತ್ತು, ಮೂಗಿಗೆ ಘಾಟು.

ಮೇಷ್ಟ್ರು: ಆ ಘಾಟೇ ಸಾಕ್ಷಿ. ತಾಮ್ರ, ಹಿತ್ತಾಳೆಯ ಮೇಲೆ ಆಕ್ಸೈಡಿನ ಪೊರೆ ಇದ್ದರೆ ತವರ ಹಿಡಿಯುವುದಿಲ್ಲ. ನವಸಾಗರ ಬಿಸಿಗೆ ಒಡೆದು ಬಂದ ಹೈಡ್ರೊಜನ್ ಕ್ಲೋರೈಡ್ ಆ ಪೊರೆಯನ್ನು ತೆಗೆಯುತ್ತದೆ. ಅದು ಒಡೆಯದೆ ಸುಮ್ಮನೆ ಆವಿಯಾಗಿ ಹೋಗಿದ್ದರೆ ಕಲಾಯಿ ಕೂರುತ್ತಲೇ ಇರಲಿಲ್ಲ. ಬೀದರಿನಲ್ಲಿ ಬಿದ್ರಿ ಪಾತ್ರೆಗೆ ಕಪ್ಪು ಬಣ್ಣ ತರಿಸಲು ಕೋಟೆಯ ಹಳೆಯ ಮಣ್ಣಿನ ಜೊತೆ ಇದೇ ನವಸಾಗರವನ್ನು ಬೆರೆಸುತ್ತಾರೆ. ನಮ್ಮ ಕಸುಬುದಾರರು ಅದರಿಂದ ಕೆಲಸ ತೆಗೆದದ್ದು ರಾಸಾಯನಿಕವಾಗಿ.

ಶಿಷ್ಯೆ: ಅಂದರೆ ಬೆಂಕಿಗೆ ಇಟ್ಟಾಗ ಸ್ಥಿತಿ ಬದಲಾಯಿತೋ, ಪದಾರ್ಥವೇ ಬದಲಾಯಿತೋ ಅನ್ನುವುದನ್ನು ಬೇರೆಯಾಗಿ ಕೇಳಬೇಕು.

ಮೇಷ್ಟ್ರು: ಇದನ್ನು ಮೊದಲು ಪಟ್ಟು ಹಿಡಿದು ಕೇಳಿದವರಲ್ಲಿ ರಾಬರ್ಟ್ ಬಾಯ್ಲ್ ಒಬ್ಬ. 1661ರಲ್ಲಿ ಬಂದ ಅವನ ‘ಸಂಶಯವಾದಿ ರಸಾಯನಜ್ಞ’ ಎಂಬ ಪುಸ್ತಕ ಇರುವುದೇ ಸಂವಾದದ ರೂಪದಲ್ಲಿ, ನಾಲ್ಕು ಜನ ಕೂತು ವಾದ ಮಾಡುತ್ತಾರೆ. ಯಾವ ವಸ್ತುವನ್ನಾದರೂ ಬೆಂಕಿಗೆ ಹಾಕಿದರೆ ಅದರಲ್ಲಿ ಮೊದಲೇ ಇದ್ದ ಮೂಲಗಳು ಬೇರೆಯಾಗುತ್ತವೆ ಎಂದು ಆಗ ನಂಬಿದ್ದರು. ಬಾಯ್ಲ್ ಅದನ್ನು ಪ್ರಶ್ನಿಸಿದ. ಸೌದೆಯನ್ನು ಬಯಲಲ್ಲಿ ಸುಟ್ಟರೆ ಬೂದಿ, ಮಸಿ ಸಿಗುತ್ತದೆ. ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿದರೆ ಎಣ್ಣೆ, ಹುಳಿ ನೀರು, ಇದ್ದಿಲು. ಎರಡರಲ್ಲಿ ಯಾವುದು ಸೌದೆಯ ಮೂಲ? ಬೆಳ್ಳಿ ಬಂಗಾರ ಬೆರೆಸಿದ್ದನ್ನು ಬೆಂಕಿ ಬೇರೆ ಮಾಡುವುದಿಲ್ಲ, ಇನ್ನೂ ಒಂದಾಗಿ ಕರಗಿಸುತ್ತದೆ. ನೈಟ್ರಿಕ್ ಆಮ್ಲಕ್ಕೆ ಹಾಕಿದರೆ ಬೇರೆಯಾಗುತ್ತದೆ. ವಸ್ತು ಏನು ಅನ್ನುವುದು ನಾವು ಅದಕ್ಕೆ ಏನು ಮಾಡಿದೆವು ಅನ್ನುವುದರ ಜೊತೆಗೇ ಬರುವ ಉತ್ತರ. ಇದು ಇವತ್ತಿಗೂ ನಿಲ್ಲುವ ಮಾತು.

ಶಿಷ್ಯೆ: ನನಗೆ ತೊಡಕಾಗುವುದೇ ಅಲ್ಲಿ. ಧಾತು, ಸಂಯುಕ್ತ, ಮಿಶ್ರಣ. ಮಕ್ಕಳು ವ್ಯಾಖ್ಯೆ ಒಪ್ಪಿಸುತ್ತಾರೆ. ಸುಣ್ಣ ಯಾವುದು ಅಂತ ಕೇಳಿದರೆ ಸುಮ್ಮನಾಗುತ್ತಾರೆ.

ಮೇಷ್ಟ್ರು: ಲವಾಸಿಯೇಯನ್ನು ಕೇಳಿದ್ದರೆ ಸುಣ್ಣ ಧಾತು ಅನ್ನುತ್ತಿದ್ದ. 1789ರ ಅವನ ಪುಸ್ತಕದಲ್ಲಿ 33 ಸರಳ ವಸ್ತುಗಳ ಪಟ್ಟಿ ಇದೆ. ಆಮ್ಲಜನಕ, ಗಂಧಕ, ಚಿನ್ನ, ಪಾದರಸದ ಜೊತೆ ಸುಣ್ಣ ಇದೆ, ಬೆಳಕು ಇದೆ, ಶಾಖವೂ ಇದೆ. ನಗುವುದಕ್ಕೆ ಏನೂ ಇಲ್ಲ. ಇಲ್ಲಿಯವರೆಗೆ ಯಾವ ವಿಧಾನದಿಂದಲೂ ಒಡೆಯಲಾಗದ್ದು ಧಾತು ಅಂತ ಅವನು ಹೇಳಿದ್ದ. ಆ ಅಳತೆಗೆ ಸುಣ್ಣ ನಿಂತಿತ್ತು. ಮುಂದೆ ಅದೂ ಒಂದು ಲೋಹದ ಆಕ್ಸೈಡ್ ಎಂದು ತಿಳಿಯಬಹುದು ಅಂತ ಅವನೇ ಅನುಮಾನಿಸಿದ್ದ. 1794ರಲ್ಲಿ ಅವನ ತಲೆ ಕಡಿದರು. 1808ರಲ್ಲಿ ಹಂಫ್ರಿ ಡೇವಿ ವಿದ್ಯುತ್ ಹಾಯಿಸಿ ಸುಣ್ಣದಿಂದ ಕ್ಯಾಲ್ಸಿಯಂ ತೆಗೆದ. ಲವಾಸಿಯೇ ಬಳಿ ಅಂಥ ಬ್ಯಾಟರಿ ಇರಲಿಲ್ಲ. ವೋಲ್ಟಾ ಅದನ್ನು ಜಗತ್ತಿಗೆ ತಿಳಿಸಿದ್ದೇ 1800ರಲ್ಲಿ. ಈಗ ನಮಗೆ ಪರಮಾಣುವಿನ ಬೀಜದಲ್ಲಿರುವ ಪ್ರೋಟಾನುಗಳ ಲೆಕ್ಕ ಗೊತ್ತು, ಆದ್ದರಿಂದ ಧಾತು ಯಾವುದು ಅನ್ನುವುದರಲ್ಲಿ ಅನುಮಾನ ಉಳಿದಿಲ್ಲ. ಆದರೆ ಆ ನಿಶ್ಚಯಕ್ಕೆ ಬಂದ ದಾರಿಯನ್ನು ಮಕ್ಕಳಿಗೆ ತೋರಿಸಬೇಕು.

ಶಿಷ್ಯೆ: ಮಿಶ್ರಣ, ಸಂಯುಕ್ತಗಳ ನಡುವೆ? ಒಂದೇ ತಾಪದಲ್ಲಿ ಕುದಿದರೆ ಶುದ್ಧ ವಸ್ತು, ಏರುತ್ತ ಹೋದರೆ ಮಿಶ್ರಣ ಅಂತ ಹೇಳಿಕೊಡುತ್ತೇವೆ.

ಮೇಷ್ಟ್ರು: ಬಹಳ ಮಟ್ಟಿಗೆ ಸರಿ. ತುಪ್ಪ ನೋಡು. ಚಳಿಗಾಲದಲ್ಲಿ ಮರಳು ಮರಳಾಗಿ ಕಟ್ಟುತ್ತದೆ, ಬಿಸಿಲಿಗಿಟ್ಟರೆ ಮೊದಲು ಒಂದು ಭಾಗ ಕರಗಿ ಕಾಳುಗಳು ಉಳಿಯುತ್ತವೆ, ಆಮೇಲೆ ಅವೂ ಕರಗುತ್ತವೆ. ಬೇರೆ ಬೇರೆ ಕೊಬ್ಬುಗಳು ಬೇರೆ ಬೇರೆ ತಾಪದಲ್ಲಿ ಕರಗುವುದರಿಂದ ಹಾಗೆ. ಆದರೆ ಆಲ್ಕೊಹಾಲನ್ನು ನೀರಿನಿಂದ ಬಟ್ಟಿ ಇಳಿಸುತ್ತ ಹೋದರೆ ಶೇಕಡಾ 95.6ಕ್ಕೆ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದೆ 78.2 ಡಿಗ್ರಿಯಲ್ಲಿ ಒಂದೇ ಸಮನೆ ಕುದಿಯುತ್ತದೆ, ಪಾಲೂ ಬದಲಾಗುವುದಿಲ್ಲ. ನಿನ್ನ ಪರೀಕ್ಷೆಯ ಪ್ರಕಾರ ಅದು ಶುದ್ಧ ವಸ್ತು. ನಿಜವಾಗಿ ಆಲ್ಕೊಹಾಲು, ನೀರಿನ ಮಿಶ್ರಣ.

ಶಿಷ್ಯೆ: ಹಾಗಾದರೆ ಅದು ಸಂಯುಕ್ತವಲ್ಲ ಅಂತ ತೋರಿಸುವುದು ಹೇಗೆ?

ಮೇಷ್ಟ್ರು: ಹೈಡ್ರೊಕ್ಲೋರಿಕ್ ಆಮ್ಲದ ವಿಷಯದಲ್ಲಿ ಇದೇ ತೊಡಕಿತ್ತು. ನೀರು ಬೆರೆತ ಆಮ್ಲ 108 ಡಿಗ್ರಿಯ ಹತ್ತಿರ, ಸುಮಾರು ಶೇಕಡಾ 20ರ ಪಾಲಿನಲ್ಲಿ ಕದಲದೆ ಕುದಿಯುತ್ತದೆ. ಇದೊಂದು ಸಂಯುಕ್ತವೇ ಇರಬೇಕು ಅಂತ ಹಲವರು ತಿಳಿದಿದ್ದರು. 1860ರ ಸುಮಾರಿಗೆ ಮ್ಯಾಂಚೆಸ್ಟರಿನ ಹೆನ್ರಿ ರೋಸ್ಕೊ ಅದನ್ನು ಬೇರೆ ಬೇರೆ ಒತ್ತಡದಲ್ಲಿ ಕುದಿಸಿ ನೋಡಿದ. ಒತ್ತಡ ಬದಲಾದಂತೆ ಪಾಲೂ ಬದಲಾಯಿತು. ಸಂಯುಕ್ತವಾಗಿದ್ದರೆ ಪಾಲು ಬದಲಾಗಬಾರದು. ನೀರನ್ನು ಎಲ್ಲಿ ಕುದಿಸಿದರೂ ಜಲಜನಕ, ಆಮ್ಲಜನಕದ ಪಾಲು ಅದೇ. ಬೆಂಗಳೂರಿನಲ್ಲಿ ಅದು 97 ಡಿಗ್ರಿಗೇ ಕುದಿಯುತ್ತದೆ, ಕುಕ್ಕರಿನಲ್ಲಿ 120ರ ಹತ್ತಿರ. ಕುದಿಯುವ ತಾಪ ಬದಲಾಯಿತು, ನೀರು ನೀರೇ. ಗಮನಿಸಿದೆಯಾ, ಪದಾರ್ಥದ ಜಾತಿ ತಿಳಿಯುವುದಕ್ಕೂ ಕೊನೆಗೆ ಒತ್ತಡದ ಹತ್ತಿರವೇ ಹೋಗಬೇಕಾಯಿತು.

ಶಿಷ್ಯೆ: ಪಾಲು ಬದಲಾಗದು ಅನ್ನುವುದು ಪ್ರೌಸ್ಟನ ನಿಯಮ. ಅದಕ್ಕೂ ಅಪವಾದ ಇದೆಯಾ?

ಮೇಷ್ಟ್ರು: ಇದೆ. ಫೆರಸ್ ಆಕ್ಸೈಡಿನಲ್ಲಿ ಕಬ್ಬಿಣ ಯಾವಾಗಲೂ ಲೆಕ್ಕಕ್ಕಿಂತ ಸ್ವಲ್ಪ ಕಡಿಮೆ ಇರುತ್ತದೆ, ಆ ಕೊರತೆಯೂ ಏರಿಳಿಯುತ್ತದೆ. ಪ್ರೌಸ್ಟನ ಜೊತೆ ವಾದ ಹೂಡಿದ್ದ ಬರ್ತೊಲೆಯ ಹೆಸರನ್ನೇ ಅಂಥ ಸಂಯುಕ್ತಗಳಿಗೆ ಆಮೇಲೆ ಇಟ್ಟರು. ಒಂಬತ್ತನೇ ಕ್ಲಾಸಿಗೆ ಇದು ಬೇಡ, ನಿನಗೆ ಗೊತ್ತಿರಲಿ.

ಶಿಷ್ಯೆ: ಸ್ಥಿತಿಗಳಲ್ಲಿ ಹೀಗೆ ನಡುವೆ ನಿಲ್ಲುವ ಇನ್ನೊಂದು ಉದಾಹರಣೆ ಕೊಡಿ. ಮಕ್ಕಳ ಕಣ್ಣಿಗೆ ಕಾಣುವಂಥದ್ದು.

ಮೇಷ್ಟ್ರು: ಗೋಡೆಗಡಿಯಾರದ, ಕ್ಯಾಲ್ಕ್ಯುಲೇಟರಿನ ಎಲ್‌ಸಿಡಿ ಪರದೆ. 1888ರಲ್ಲಿ ಪ್ರಾಗ್ ನಗರದ ಸಸ್ಯಶಾಸ್ತ್ರಜ್ಞ ರೈನಿಟ್ಸರ್, ಕ್ಯಾರೆಟ್ಟಿನಿಂದ ತೆಗೆದ ಕೊಲೆಸ್ಟರಾಲಿನ ಒಂದು ಸಂಯುಕ್ತವನ್ನು ಕಾಯಿಸುತ್ತಿದ್ದ. 145.5 ಡಿಗ್ರಿಗೆ ಕರಗಿತು, ಆದರೆ ಮಬ್ಬು ದ್ರವವಾಗಿ. 178.5 ಡಿಗ್ರಿಗೆ ಆ ಮಬ್ಬು ಥಟ್ಟನೆ ತಿಳಿಯಾಯಿತು. ಒಂದು ಶುದ್ಧ ವಸ್ತುವಿಗೆ ಎರಡು ಕರಗುವ ಬಿಂದು! ಕಲ್ಮಷ ಸೇರಿದೆ ಅಂತಲೇ ಎಲ್ಲರೂ ಮೊದಲು ಎಣಿಸುವುದು. ಅವನು ಮತ್ತೆ ಶುದ್ಧಮಾಡಿ ನೋಡಿದ, ಅದೇ ಆಯಿತು. ನಡುವಿನ ಮಬ್ಬು ಸ್ಥಿತಿಯಲ್ಲಿ ಅಣುಗಳು ದ್ರವದಲ್ಲಿರುವಂತೆ ಹರಿಯುತ್ತವೆ, ಸ್ಫಟಿಕದಲ್ಲಿರುವಂತೆ ಒಂದೇ ದಿಕ್ಕಿಗೆ ಮುಖ ಮಾಡಿರುತ್ತವೆ. ಅದೇ ದ್ರವಸ್ಫಟಿಕ. ಬಹಳ ಕಾಲ ಎಲ್ಲರೂ ತಿಳಿದದ್ದು ಕಡ್ಡಿಯಂತೆ ನೀಳವಾದ ಅಣುಗಳಿಗೆ ಮಾತ್ರ ಇದು ಸಾಧ್ಯ ಅಂತ. ಆ ತಿಳಿವಳಿಕೆಯನ್ನು ಬದಲಾಯಿಸಿದ್ದು ಬೆಂಗಳೂರು.

ಶಿಷ್ಯೆ: ಬೆಂಗಳೂರಿನಲ್ಲಿ ಎಲ್ಲಿ?

ಮೇಷ್ಟ್ರು: ರಾಮನ್ ಸಂಶೋಧನಾ ಸಂಸ್ಥೆಯಲ್ಲಿ. ಎಸ್. ಚಂದ್ರಶೇಖರ್, ಸಿ. ವಿ. ರಾಮನ್ನರ ಸೋದರಿಯ ಮಗ. ನೊಬೆಲ್ ಬಂದ ಖಗೋಳ ವಿಜ್ಞಾನಿ ಚಂದ್ರಶೇಖರ್ ಬೇರೆ, ಇವರು ಬೇರೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಹತ್ತು ವರ್ಷ ಭೌತಶಾಸ್ತ್ರ ಕಲಿಸಿ 1971ರಲ್ಲಿ ಬೆಂಗಳೂರಿಗೆ ಬಂದರು. 1977ರಲ್ಲಿ ಸದಾಶಿವ, ಸುರೇಶ್ ಅವರ ಜೊತೆ ಸೇರಿ, ತಟ್ಟೆಯಂತೆ ಚಪ್ಪಟೆಯಾದ ಅಣುಗಳೂ ದ್ರವಸ್ಫಟಿಕವಾಗುತ್ತವೆ ಅಂತ ತೋರಿಸಿದರು. ಬೆಂಜೀನ್ ಉಂಗುರದ ಸುತ್ತ ಆರು ಬಾಲ ಇರುವ ಅಣುಗಳು ಅವು. ನಾಣ್ಯ ಪೇರಿಸಿದ ಹಾಗೆ ಒಂದರ ಮೇಲೊಂದು ಕೂತು ಕಂಬಗಳಾಗುತ್ತವೆ. ಆ ಲೇಖನ ಅಚ್ಚಾದದ್ದು ನಮ್ಮದೇ ಬೆಂಗಳೂರಿನ ‘ಪ್ರಮಾಣ’ ಪತ್ರಿಕೆಯಲ್ಲಿ. ಎಲ್‌ಸಿಡಿ ಪರದೆಯನ್ನು ಓರೆಯಿಂದ ನೋಡಿದಾಗ ಚಿತ್ರ ಮಾಸದಿರಲಿ ಅಂತ ಹಚ್ಚುವ ತೆಳು ಹಾಳೆಗಳಲ್ಲಿ ಇಂಥ ತಟ್ಟೆ ಅಣುಗಳನ್ನು ಬಳಸಿದ್ದಾರೆ. ದ್ರವ್ಯದ ಒಂದು ಹೊಸ ಸ್ಥಿತಿ ಸದಾಶಿವನಗರದ ಆ ಆವರಣದಲ್ಲಿ ಸಿಕ್ಕಿತು ಅನ್ನುವುದನ್ನು ಕರ್ನಾಟಕದ ಮಕ್ಕಳಿಗೆ ಹೇಳದೆ ಇನ್ನಾರಿಗೆ ಹೇಳಬೇಕು? ನಮ್ಮ ಪಾಠಗಳಲ್ಲಿ ಈ ಹೆಸರು ಕಾಣದಿರುವುದು ನನಗೆ ನಿಜವಾಗಿ ನೋವಿನ ಸಂಗತಿ.

ಶಿಷ್ಯೆ: ನಾನು ಹೇಳುತ್ತೇನೆ ಮೇಷ್ಟ್ರೇ. ಆದರೆ ಪರೀಕ್ಷೆಯಲ್ಲಿ ನೀರು ಯಾವ ಸ್ಥಿತಿ ಅಂತ ಕೇಳಿದರೆ ಮಕ್ಕಳು ದ್ರವ ಅಂತಲೇ ಬರೆಯಬೇಕಲ್ಲ?

ಮೇಷ್ಟ್ರು: ಬರೆಯಲಿ. ಪಕ್ಕದಲ್ಲಿ ‘25 ಡಿಗ್ರಿಯಲ್ಲಿ, ಮಾಮೂಲು ಒತ್ತಡದಲ್ಲಿ’ ಅಂತ ಸೇರಿಸಿದರೆ ಯಾರೂ ಅಂಕ ಕಳೆಯುವುದಿಲ್ಲ. ಸ್ಥಿತಿಗೆ ಒಂದು ಪಟ್ಟಿ, ಜಾತಿಗೆ ಇನ್ನೊಂದು ಪಟ್ಟಿ ಮಾಡಿಸು. ಪಾದರಸ ದ್ರವ, ಆದರೆ ಧಾತು. ಹಿತ್ತಾಳೆ ಘನ, ಆದರೆ ಮಿಶ್ರಣ. ಹಾಲು ಕಣ್ಣಿಗೆ ಒಂದೇ ಸಮ, ಸೂಕ್ಷ್ಮದರ್ಶಕದಲ್ಲಿ ಕೊಬ್ಬಿನ ಗುಂಡುಗಳು ತೇಲುವ ಕಲಿಲ. ಎರಡು ಪಟ್ಟಿಗಳನ್ನು ಬೆರೆಸಿದಾಗಲೇ ಮಕ್ಕಳಿಗೆ ಗಂಟು ಬೀಳುವುದು. ಇನ್ನು ನವಸಾಗರದ ಪ್ರಯೋಗವನ್ನು ಬಿಡಬೇಡ, ಸರಿಯಾಗಿ ಮಾಡಿಸು. ಅಗಲವಾದ ಗಾಜಿನ ಕೊಳವೆಯ ತಳದಲ್ಲಿ ಚಿಟಿಕೆ ನವಸಾಗರ, ಅದರ ಮೇಲೆ ಗಾಜಿನ ಎಳೆಯ ಸಡಿಲ ಉಂಡೆ, ಬಾಯಿಯ ಹತ್ತಿರ ಒದ್ದೆ ಮಾಡಿದ ಕೆಂಪು ಲಿಟ್ಮಸ್. ಕೊಠಡಿಯ ಕಿಟಕಿಗಳೆಲ್ಲ ತೆರೆದಿರಲಿ, ಕಾಯಿಸುವುದು ನೀನೇ ಆಗಿರಲಿ. ಮೊದಲು ದಾಟಿ ಬರುವ ಅಮೋನಿಯಾ ಲಿಟ್ಮಸನ್ನು ನೀಲಿ ಮಾಡುತ್ತದೆ. ಅದನ್ನು ಕಂಡ ಮಕ್ಕಳಿಗೆ ಉತ್ಪತನದ ಪಟ್ಟಿಯಿಂದ ನವಸಾಗರವನ್ನು ತಾವೇ ಹೊಡೆದುಹಾಕಲು ಹೇಳು. ವಿಜ್ಞಾನ ಕಲಿಸುವ ನಿನ್ನ ಸ್ನೇಹಿತರಿಗೂ ತಿಳಿಸು. ಈ ವರ್ಷವೇ ಅವರ ಶಾಲೆಗಳಲ್ಲೂ ಆ ತಪ್ಪು ನಿಲ್ಲಲಿ.